ಗೊಂಬೆ ಮಾವನ ಮೈಬಣ್ಣ

ಹೆಬ್ಬೆರಳುದ್ದದ ಸಿಪಾಯಿ ಗೊಂಬೆಗಳಿಗೆ ಬಣ್ಣ ಬಳಿಯುವ ಗೊಂಬೆ ಮಾವನಿಗೆ ಕುದುರೆ, ಕೋಟು, ಕತ್ತಿ ಯಾವುದೂ ತಲೆನೋವಲ್ಲ. ಜೀವ ಹಿಂಡುವುದು ಮುಖವೊಂದೇ. ಅವರು ನೆಚ್ಚಿಕೊಂಡಿದ್ದ ಮೈಬಣ್ಣದ ಅಕ್ರಿಲಿಕ್ ಬಾಟಲಿಯನ್ನು ಕಂಪನಿ ನಿಲ್ಲಿಸಿದಂದಿನಿಂದ, ಅಂಗಡಿಯವನು ‘ಅದೇ ಇದು ಸಾರ್, ಹೆಸರು ಮಾತ್ರ ಬೇರೆ’ ಎಂದು ಕೊಟ್ಟ ಬಾಟಲಿಗಳೆಲ್ಲ ಕಿಟಕಿಯಲ್ಲಿ ಸಾಲುಗಟ್ಟಿ ಒಣಗುತ್ತಿವೆ. ಮಾವನ ಪ್ರಕಾರ ಒಂದು ಕುಂಬಳಕಾಯಿ, ಒಂದು ಜ್ವರದವನ ಮುಖ, ಇನ್ನೊಂದಂತೂ ನಾಚಿಕೊಂಡ ಹಂದಿ. ಹೊಸದು ಬಂದಾಗಲೆಲ್ಲ ಎಡ ಮುಂಗೈ ಮೇಲೆ ಒಂದು ಚುಕ್ಕೆ ಇಟ್ಟು, ಒಣಗಲು ಬಿಟ್ಟು, ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ಹಳೆಯ ಬಣ್ಣವಾದರೆ ಅಲ್ಲಿ ಗುರುತೇ ಸಿಗದಂತೆ ಬೆರೆತುಹೋಗುತ್ತಿತ್ತು. ಈಗಿನವು ಎದ್ದು ಕಾಣುತ್ತವೆ. ‘ಎಲ್ಲಾ ಕಲಬೆರಕೆ’ ಎಂದು ನಿಟ್ಟುಸಿರಿಟ್ಟು, ಹಳದಿ ಒಂದು ತೊಟ್ಟು, ಕಂದು ಅರೆ ತೊಟ್ಟು ಬೆರೆಸುತ್ತಾ ಕೂರುತ್ತಾರೆ. ಊಟ ತಣ್ಣಗಾಗುತ್ತದೆ, ಕರೆದು ಕರೆದು ಹೆಂಡತಿಯೂ ತಣ್ಣಗಾಗುತ್ತಾರೆ. ಮೊನ್ನೆ ಅವರಿಗೂ ಸಾಕಾಗಿ, ಗಾಜಿನ ಕಪಾಟಿನಿಂದ ಮಾವ ಎಂದೋ ಹಳೆಯ ಬಾಟಲಿಯಿಂದ ಬಣ್ಣ ಬಳಿದಿದ್ದ ಸಿಪಾಯಿಯೊಬ್ಬನನ್ನು ತಂದು, ಆ ಜ್ವರದ ಬಾಟಲಿಯಿಂದಲೇ ಅವನ ಕೆನ್ನೆಗೊಂದು ಚುಕ್ಕೆ ಇಟ್ಟರು. ಒಣಗಿದ ಮೇಲೆ ಚುಕ್ಕೆ ಕಾಣಲೇ ಇಲ್ಲ. ‘ಹಳೇ ಬಣ್ಣಾನೇ ರೀ ಇದು. ವಯಸ್ಸಾಗಿರೋದು ನಿಮ್ಮ ಕೈಗೆ.’ ಮಾವ ತಮ್ಮ ಮುಂಗೈಯನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬಣ್ಣದ ತಟ್ಟೆಗೆ ಚೂರು ಬೂದು ಬೆರೆಸಿ, ಅದು ಕೈಗೆ ಸರಿಹೊಂದಿದ ಮೇಲೆ, ಮೇಜಿನ ಮೇಲೆ ಮುಖಕ್ಕಾಗಿ ಕಾಯುತ್ತಿದ್ದ ಸಾಲಿನ ಕೊನೆಯ ಸಿಪಾಯಿಗೆ ಆ ಬಣ್ಣದ ಮುಖವನ್ನೇ ಕೊಟ್ಟರು. ಕೊಟ್ಟು, ಅವನ ಹೆಗಲ ಮೇಲಿದ್ದ ಬಂದೂಕನ್ನು ಮೆಲ್ಲಗೆ ಕಿತ್ತು ಪಕ್ಕಕ್ಕಿಟ್ಟರು.