ಇದ್ದಿಲ ಗಾಡಿಯ ಭಾವ

ನನ್ನ ಭಾವನವರಿಗೆ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಇರಬೇಕಾದ ಜಾಗದಲ್ಲಿ ನುಣ್ಣನೆಯ, ತಿಳಿಗೆಂಪು ಚರ್ಮ ಮಾತ್ರ. ಅದರಿಂದಾಗಿ ಅವರು ಸುಮ್ಮನೆ ಕುಳಿತಿದ್ದರೂ ಮುಖದ ಒಂದು ಪಕ್ಕ ಏನನ್ನೋ ಕಂಡು ಬೆಚ್ಚಿದಂತೆ ತೋರುತ್ತಿತ್ತು. ಮದುವೆಯಾಗಿ ಕೋಟೇಶ್ವರದ ಮನೆಗೆ ಬಂದ ಹೊಸತರಲ್ಲಿ ಅದು ಹುಟ್ಟಿನಿಂದಲೇ ಬಂದದ್ದು ಎಂದುಕೊಂಡಿದ್ದೆ. ಅಲ್ಲವಂತೆ. ಇದ್ದಿಲ ಗ್ಯಾಸಿನ ಡ್ರಮ್ಮಿನ ಮುಚ್ಚಳ ತೆಗೆಯುವಾಗ ಬೆಂಕಿ ಭಗ್ಗೆಂದು ಮುಖಕ್ಕೆ ಬಂದು ಹುಬ್ಬನ್ನು ಹೊತ್ತುಕೊಂಡು ಹೋಯಿತು, ಮತ್ತೆ ಬೆಳೆಯಲೇ ಇಲ್ಲ ಎಂದು ಅತ್ತೆ ಹೇಳಿದರು.

ಭಾವ ಎಂದರೆ ನಮ್ಮ ಮನೆಯವರ ಅಣ್ಣ. ದೇವಸ್ಥಾನದ ಚಾಕರಿ ಮಾಡಿಕೊಂಡು ಬಂದ ಮನೆತನದಲ್ಲಿ ಹುಟ್ಟಿ, ಎಳೆ ಪ್ರಾಯದಲ್ಲೇ ಬೊಂಬಾಯಿಗೆ ಹೋಗಿ ಅಲ್ಲಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿತವರು. ತಿರುಗಿ ಬರುವಾಗ ಮದುವೆಯ ವಯಸ್ಸು ದಾಟಿತ್ತು. ಬಂದವರು ಮಂಗಳೂರಿನ ಡಾಕ್ಟರೊಬ್ಬರು ಮಾರಿದ ಹಳೆಯ ಕಾರನ್ನು ತಂದು, ಅದರ ಹಿಂಭಾಗವನ್ನು ಕೊಯ್ದು, ಹಲಸಿನ ಹಲಗೆಯ ತೊಟ್ಟಿ ಕೂರಿಸಿ, ಬಿದಿರಿನ ಕಮಾನು ಕಟ್ಟಿ, ಮೇಲೆ ತಾಡಪಾಲು ಎಳೆದರು. ಈಗಿನವರು ಪಿಕಪ್ ಎನ್ನುವುದು ಇಂಥದನ್ನೇ. ನಾವು ಗಾಡಿ ಎನ್ನುತ್ತಿದ್ದೆವು. ವಾರದ ದಿನಗಳಲ್ಲಿ ನಮ್ಮ ಮನೆಯವರ ಅಂಗಡಿಯ ತೆಂಗಿನಕಾಯಿ, ಅಕ್ಕಿಮುಡಿ ಅದರಲ್ಲಿ ಹೋಗುತ್ತಿತ್ತು. ಮದುವೆ ಮುಂಜಿ ಬಂದರೆ ತೊಟ್ಟಿ ತೊಳೆದು, ಚಾಪೆ ಹಾಸಿ, ನಾವೆಲ್ಲ ಹತ್ತಿ ಕೂರುತ್ತಿದ್ದೆವು.

ಯುದ್ಧದ ಕಾಲ ಅದು. ಪೆಟ್ರೋಲಿಗೆ ಕೂಪನ್ ಬಂದು, ಆ ಕೂಪನ್ನಿಗೂ ಪೆಟ್ರೋಲು ಸಿಗದಂತಾದ ಮೇಲೆ ಭಾವ ಗಾಡಿಯ ಹಿಂದೆ ಆಳೆತ್ತರದ ಡ್ರಮ್ ಕೂರಿಸಿದರು. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ಪಕ್ಕದ ಗಾಳಿಚಕ್ರವನ್ನು ಹಿಡಿ ಹಿಡಿದು ತಿರುಗಿಸುತ್ತಾ ನಿಂತರೆ, ಬಹಳ ಹೊತ್ತಿನ ಮೇಲೆ ಗ್ಯಾಸು ಎದ್ದು ಕೊಳವೆಯಲ್ಲಿ ಇಂಜಿನ್ನಿಗೆ ಹೋಗುತ್ತಿತ್ತು. ನಡುವೆ ಬೂದಿ ತಡೆಯಲು ಒಂದು ಡಬ್ಬಿಯಲ್ಲಿ ತೆಂಗಿನ ನಾರು. ನಾನು ಮದುವೆಯಾಗಿ ಬಂದ ಮೇಲೆ, ಅಮಾಸೆಬೈಲಿನ ಕಾಡಿನ ಕಡೆಯಿಂದ ಬಂದ ಇದ್ದಿಲನ್ನು ಜರಡಿ ಹಿಡಿಯುವುದು, ನಾರು ತೊಳೆದು ಒಣಗಿಸುವುದು ನನ್ನ ಪಾಲಿನ ಕೆಲಸವಾಯಿತು. ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ರೂಢಿ ಆಗ ಇರಲಿಲ್ಲ. ನಾನು ಎದುರಿಗೇ ನಿಂತಿದ್ದರೂ ಅವರು ಅತ್ತೆಯ ಕಡೆ ತಿರುಗಿ, "ನಾರ್ ಒಣ್ಗಿತ್ತಾ ಕೇಣ್ ಅಮ್ಮ" ಎನ್ನುತ್ತಿದ್ದರು. ಅತ್ತೆ ನನ್ನನ್ನು ಕೇಳುತ್ತಿದ್ದರು. ನಾನು ಅತ್ತೆಗೆ ಹೇಳುತ್ತಿದ್ದೆ.

ಟಯರು ಸಿಗದ ಆ ದಿನಗಳಲ್ಲಿ ಅವರು ಹಳೆ ಟಯರಿನ ತುಂಡನ್ನು ಒಳಗಿಟ್ಟು ಚಮ್ಮಾರನಿಂದ ಹೊಲಿಸುತ್ತಿದ್ದರು. ಟ್ಯೂಬು ಪೂರಾ ಸತ್ತಾಗ ಬೈಹುಲ್ಲನ್ನೇ ಬಿಗಿಯಾಗಿ ತುರುಕಿ ಓಡಿಸಿದ್ದೂ ಉಂಟು. ರೇಡಿಯೇಟರು ಸೋರಿದರೆ ತೂತು ಮುಚ್ಚಲು ಅಡುಗೆಮನೆಯ ಅರಸಿನ ಪುಡಿ ಮಾಯವಾಗುತ್ತಿತ್ತು. ಅತ್ತೆ ಬೈಯುತ್ತಲೇ ಇನ್ನಷ್ಟು ಕುಟ್ಟಿಡುತ್ತಿದ್ದರು. ಸಂಜೆ ಬಾವಿಕಟ್ಟೆಯಲ್ಲಿ ಸೀಗೆ ತಿಕ್ಕಿ ಮೀಯದೆ ಮಗನನ್ನು ಒಳಗೆ ಬಿಡುತ್ತಿರಲಿಲ್ಲ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲವಾಗಿ ಊಟ ಬಡಿಸುವಾಗ ಆ ಕೈ ನೋಡದಂತೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಆದರೆ ತುಪ್ಪ ಮಾತ್ರ ಅವರ ಎಲೆಗೇ ಹೆಚ್ಚು ಬೀಳುತ್ತಿತ್ತು.

ಹೊರಡುವ ಮುನ್ನ ಯಾರಾದರೂ ಹೊತ್ತಾಯಿತೆಂದು ಅವಸರಪಡಿಸಿದರೆ ಭಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಅದ್ ಒಪ್ಪಿರೆ ಹೋಪ" ಎನ್ನುತ್ತಿದ್ದರು.

ಆ ಮಳೆಗಾಲದಲ್ಲಿ ನನಗೆ ಬಸಿರು ನಿಂತಿತ್ತು. ಬ್ರಹ್ಮಾವರದಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ಮಗುವಿನ ನಾಮಕರಣ. ಅಂಗಡಿ ಮುಚ್ಚುವಂತಿಲ್ಲವೆಂದು ನಮ್ಮ ಮನೆಯವರು ಉಳಿದರು. ಅತ್ತೆಯೂ ನಾನೂ ಹಿಂದೆ ಕುಳಿತೆವು, ಭಾವ ಗಾಡಿ ಬಿಟ್ಟರು. ಸಾಲಿಗ್ರಾಮ ದಾಟಿದ ಮೇಲೆ ಹೊಳೆ. ಆಗ ಅದಕ್ಕೆ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿ ಗಾಡಿಗಳನ್ನು ದಾಟಿಸುತ್ತಿದ್ದರು. ಹೊಳೆ ತುಂಬಿ ಹರಿಯುತ್ತಿದ್ದುದರಿಂದ ದೋಣಿ ಆಚೆ ದಡದಲ್ಲೇ ನಿಂತಿತ್ತು. ಇಂಜಿನ್ ನಿಲ್ಲಿಸಿದರೆ ಮತ್ತೆ ಗ್ಯಾಸು ಎಬ್ಬಿಸಲು ಬಹಳ ಹೊತ್ತು ಬೇಕೆಂದು ಭಾವ ಅದನ್ನು ಓಡುತ್ತಿರಲು ಬಿಟ್ಟು, ಈಚೆ ದಡದಲ್ಲಿದ್ದ ಅಂಬಿಗರನ್ನು ವಿಚಾರಿಸಲು ಇಳಿದು ಹೋದರು. ಮಳೆ ಎರಚುತ್ತಿತ್ತು. ಅತ್ತೆ ತಾಡಪಾಲನ್ನು ಎರಡೂ ಕಡೆ ಎಳೆದು ಬಿಗಿಯಾಗಿ ಕಟ್ಟಿದರು.

ನನಗೆ ಬಸಿರಿನ ವಾಕರಿಕೆ. ತಡೆಯಲಾಗದೆ ನನ್ನ ಮೂಲೆಯ ಹಗ್ಗ ಸಡಿಲಿಸಿ ತಲೆಯನ್ನು ಹೊರಗೆ ಹಾಕಿಯೇ ಕುಳಿತೆ. ಅತ್ತೆ ತಲೆನೋವು ಎಂದರು. ಸ್ವಲ್ಪ ಹೊತ್ತಿಗೆ, ಕಣ್ಣು ಎಳೀತಿದೆ, ದೋಣಿ ಬಂದರೆ ಎಬ್ಬಿಸು ಎಂದು ಚಾಪೆಯ ಮೇಲೆ ಒರಗಿದರು. ಯಾವ ವಾಸನೆಯೂ ಇರಲಿಲ್ಲ. ಇದ್ದಿದ್ದರೆ ನಮಗೆ ತಿಳಿಯುತ್ತಿತ್ತು. ಭಾವ ಹಿಂದಿರುಗಿ, ನನ್ನ ತಲೆ ತಾಡಪಾಲಿನಿಂದ ಹೊರಗೆ ಜೋತಿದ್ದನ್ನು ಕಂಡು ಓಡಿ ಬಂದರಂತೆ. ಹಗ್ಗಗಳನ್ನು ಕತ್ತಿಯಿಂದ ಕೊಯ್ದದ್ದು, ನಮ್ಮಿಬ್ಬರನ್ನೂ ಮಳೆಯಲ್ಲಿ ಹುಲ್ಲಿನ ಮೇಲೆ ಮಲಗಿಸಿದ್ದು ನನಗೆ ನೆನಪಿಲ್ಲ. ಮುಖದ ಮೇಲೆ ನೀರು ಬೀಳುತ್ತಿದ್ದುದು, ಭಾವ ಅತ್ತೆಯ ಕೆನ್ನೆ ತಟ್ಟುತ್ತಾ ಕೂಗುತ್ತಿದ್ದುದು ನೆನಪಿದೆ. ಅತ್ತೆ ಏಳಲಿಲ್ಲ. ಅವರ ಕೆನ್ನೆ ಎಳೆಯ ಹುಡುಗಿಯ ಕೆನ್ನೆಯಂತೆ ಕೆಂಪಗಿತ್ತು.

ವಯಸ್ಸಾಗಿತ್ತು, ಹೊತ್ತು ಬಂದಿತ್ತು, ಮಲಗಿದಲ್ಲೇ ಹೋದರು, ಪುಣ್ಯವಂತರು ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಭಾವ ಮಾತ್ರ ಒಪ್ಪಲಿಲ್ಲ. ತನ್ನ ಗ್ಯಾಸೇ ಅಮ್ಮನನ್ನು ತೆಗೆದುಕೊಂಡಿತು ಎಂದರು. ನಮ್ಮ ಮನೆಯವರಿಗೆ ಸಿಟ್ಟು ಬಂತು. ಹಾಗೆ ಹೇಳುತ್ತಾ ತಿರುಗಿದರೆ ತಾಯಿಯನ್ನು ಕೊಂದವ ಎಂದು ಊರು ಆಡಿಕೊಳ್ಳುತ್ತದೆ, ಸುಮ್ಮನಿರು ಎಂದರು. ಹದಿಮೂರನೆಯ ದಿನದ ಕೆಲಸ ಮುಗಿದ ಮರುದಿನ ಭಾವ ಡ್ರಮ್ಮನ್ನು ಬಿಚ್ಚಿ ಹಿತ್ತಿಲ ತೆಂಗಿನ ಗುಂಡಿಗೆ ಉರುಳಿಸಿದರು. ಗಾಡಿ ಕೊಟ್ಟಿಗೆಯಲ್ಲಿ ನಿಂತಿತು. ಅಂಗಡಿಗೆ ಸಾಮಾನು ಬರುವುದು ಕಡಿಮೆಯಾಯಿತು. ಅಣ್ಣ ತಮ್ಮ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೂ ಮಾತು ನಿಂತಿತು. ಇಬ್ಬರಿಗೂ ಬಡಿಸುತ್ತಿದ್ದ ನನಗೆ ಆ ಮನೆಯಲ್ಲಿ ಉಸಿರಾಡುವುದೇ ಕಷ್ಟವಾಗಿತ್ತು.

ಚಳಿ ಬಿದ್ದಾಗ ನನಗೆ ಹೆರಿಗೆ ನೋವು ಬಂತು. ಒಂದು ಹಗಲು, ಒಂದು ರಾತ್ರಿ ಕಳೆದರೂ ಮಗು ಬರಲಿಲ್ಲ. ಮಗು ಅಡ್ಡ ಇದೆ, ನನ್ನ ಕೈಯಲ್ಲಿ ಆಗುವುದಲ್ಲ, ಉಡುಪಿಯ ಆಸ್ಪತ್ರೆಗೆ ಒಯ್ಯಿರಿ ಎಂದು ಸೂಲಗಿತ್ತಿ ಬೆಳಿಗ್ಗೆ ಹೇಳಿದಳು. ಪೆಟ್ರೋಲು ಎಲ್ಲೂ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಹೋದರೆ ಸಂಜೆಯಾದೀತು. ನಮ್ಮ ಮನೆಯವರು ಅಣ್ಣನ ಎದುರು ಹೋಗಿ ನಿಂತರು. ಏನು ಕೇಳಿದರೋ, ಬರೀ ನಿಂತರೋ ತಿಳಿಯದು. ಒಳಗೆ ಮಲಗಿದ್ದ ನನಗೆ ಹಿತ್ತಿಲಲ್ಲಿ ಡ್ರಮ್ ಉರುಳುವ ಸದ್ದು ಕೇಳಿಸಿತು.

ಭಾವ ಡ್ರಮ್ಮನ್ನು ಮತ್ತೆ ಕೂರಿಸಿ, ತಾಡಪಾಲನ್ನು ಕಮಾನಿನ ಸಮೇತ ಕಿತ್ತೆಸೆದು, ನನ್ನನ್ನು ತೆರೆದ ತೊಟ್ಟಿಯಲ್ಲಿ ಹಾಸಿಗೆಯ ಮೇಲೆ ಮಲಗಿಸಿದರು. ಪಕ್ಕದಲ್ಲಿ ಸೂಲಗಿತ್ತಿ, ಕಾಲ ಬಳಿ ನಮ್ಮ ಮನೆಯವರು. ಗಾಡಿ ಹೊರಟಿತು. ಸಾಲಿಗ್ರಾಮದ ಹತ್ತಿರ ನನ್ನ ಕಣ್ಣು ಮುಚ್ಚಿ ಬರುತ್ತಿದ್ದುದನ್ನು ಸೂಲಗಿತ್ತಿ ಕೂಗಿ ಹೇಳಿದಳು. ಭಾವ ಗಾಡಿ ಬಿಡುತ್ತಲೇ ತಲೆ ಹಿಂದಕ್ಕೆ ತಿರುಗಿಸಿ ನನ್ನನ್ನು ಕರೆದರು.

"ಹೆಣ್ಣೇ, ನಿದ್ರಿ ಮಾಡ್ಬೇಡ. ಮಾತಾಡ್. ನಿನ್ನ ಅಪ್ಪನ ಮನೆ ಬಾವಿ ಎಷ್ಟ್ ಆಳ ಇತ್ತ್, ಹೇಳ್."

ಅದು ಅವರು ನನ್ನೊಡನೆ ಆಡಿದ ಮೊದಲ ಮಾತು. ನಾನು ನೋವಿನಲ್ಲೇ ಬಾವಿಯ ವಿಷಯ ಹೇಳಿದೆ. ಅಂಗಳದ ವಿಷಯ ಕೇಳಿದರು, ಹೇಳಿದೆ. ನಮ್ಮ ಹಸುಗಳ ಹೆಸರು ಕೇಳಿದರು. ಹೊಳೆಯ ದಂಡೆಗೆ ಬಂದಾಗ ಅವರು ಇಂಜಿನ್ ನಿಲ್ಲಿಸಿ, ಡ್ರಮ್ಮಿನ ಗಾಳಿ ಮುಚ್ಚಿ ಬೆಂಕಿ ಆರಿಸಿದರು. ಮತ್ತೆ ಎಬ್ಬಿಸುವಷ್ಟರಲ್ಲಿ ಇವಳ ಜೀವ ಹೋಗುತ್ತದೆ ಎಂದು ಸೂಲಗಿತ್ತಿ ಬೈದಳು. ಅವರು ಕೇಳಲಿಲ್ಲ. ನಿಂತ ಗಾಡಿಯಲ್ಲಿ ಆ ಬೆಂಕಿಯನ್ನು ಇನ್ನೊಮ್ಮೆ ಉರಿಯಬಿಡಲು ಅವರ ಮನಸ್ಸು ಒಪ್ಪಲಿಲ್ಲ. ಆಚೆ ದಡದಲ್ಲಿ ಅಂಬಿಗರೇ ಸರದಿಯಂತೆ ಬಂದು ಹಿಡಿ ತಿರುಗಿಸಿದರು. ಮಳೆಗಾಲದ ಆ ದಿನವನ್ನು ಅವರು ಕಂಡಿದ್ದರು. ಉಡುಪಿಗೆ ಮೊದಲು ಇನ್ನೊಂದು ಹೊಳೆಯಿತ್ತು. ಅಲ್ಲೂ ಹಾಗೆಯೇ ಆಯಿತು. ಆಸ್ಪತ್ರೆ ಸೇರಿದಾಗ ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಮಧ್ಯಾಹ್ನ ಮಗನನ್ನು ತೆಗೆದರು. ಇಬ್ಬರೂ ಉಳಿದೆವು.

ಹೊರಗೆ ವರಾಂಡದಲ್ಲಿ ಭಾವ ಡಾಕ್ಟರನ್ನು ಕೇಳಿದ್ದು ಬೇರೆಯೇ ವಿಷಯ. ಪಕ್ಕದಲ್ಲಿದ್ದ ನಮ್ಮ ಮನೆಯವರು ನನಗೆ ಎಷ್ಟೋ ಕಾಲದ ಮೇಲೆ ಅದನ್ನು ಹೇಳಿದರು. ಮುಚ್ಚಿದ ಗಾಡಿ, ತಲೆನೋವು, ನಿದ್ದೆ, ಕೆಂಪಾದ ಕೆನ್ನೆ ಎಲ್ಲವನ್ನೂ ವಿವರಿಸಿ, ಅಮ್ಮ ಸತ್ತದ್ದು ಗ್ಯಾಸಿನಿಂದಲೇ ಹೌದೇ ಎಂದು ಕೇಳಿದರಂತೆ. ಡಾಕ್ಟರು ಅವರ ಮುಖ ನೋಡಿ, ಹೌದು, ಆ ಗ್ಯಾಸಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಕೆನ್ನೆ ಕೆಂಪಾಗುವುದೇ ಅದರ ಗುರುತು ಎಂದರಂತೆ. ಸುಳ್ಳು ಹೇಳಬಹುದಿತ್ತಲ್ಲ ಎಂದು ನಮ್ಮ ಮನೆಯವರು ಡಾಕ್ಟರನ್ನು ಆಮೇಲೆ ಎಷ್ಟು ಬೈದರೋ. ಭಾವ, "ನಂಗ್ ಗೊತ್ತಾಯ್ಕಿತ್ತ್. ಗೊತ್ತಾಯ್ತ್" ಎಂದು, ತಿಳಿಯಬೇಕಿದ್ದುದು ತಿಳಿಯಿತು ಎಂಬಷ್ಟೇ ಹೇಳಿ ಮೆಟ್ಟಿಲ ಮೇಲೆ ಕುಳಿತರಂತೆ.

ಅಲ್ಲಿಂದ ಮುಂದೆ ಅವರು ಒಂದು ಕಡೆ ನಿಲ್ಲಲಿಲ್ಲ. ತಗಡು ಕತ್ತರಿಸುವ ಕತ್ತರಿ ಹಿಡಿದು ಸೈಕಲ್ ಏರಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಬಸ್ಸು ನಿಲ್ಲುವಲ್ಲೆಲ್ಲ ಹೋದರು. ಇದ್ದಿಲ ಬಸ್ಸು ಕಂಡರೆ ಡ್ರೈವರನ ಹತ್ತಿರ ಹೋಗಿ, "ಹ್ವಾಯ್, ನಿಂತಲ್ಲಿ ತಾಡಪಾಲ್ ಮೇಲ್ ಮಾಡಿ. ಒಳ್ಗ್ ಜನ ಇದ್ರ್" ಎನ್ನುತ್ತಿದ್ದರು. ಒಪ್ಪಿದರೆ ತಾವೇ ಹಿಂಬದಿಯ ತಗಡಿನಲ್ಲಿ ಗಾಳಿಕಂಡಿ ಕೊರೆದು, ಸೋರುವ ಮುಚ್ಚಳಕ್ಕೆ ಹೊಸ ಬಿಗಿ ಹಾಕಿ ಕೊಡುತ್ತಿದ್ದರು. ಕೆಲವರು ಕೇಳಿದರು. ಜನರನ್ನು ಹೆದರಿಸಿ ನನ್ನ ಬಸ್ಸಿಗೆ ಕಲ್ಲು ಹಾಕುತ್ತೀಯಾ ಎಂದು ಒಬ್ಬ ಮಾಲೀಕ ಅವರನ್ನು ನೂಕಿದ. ಮೊಣಕೈ ತರಚಿಕೊಂಡು ಮನೆಗೆ ಬಂದರು. ನಾನು ಅರಸಿನ ಹಚ್ಚಿದೆ. ಮರುದಿನ ಅವನ ಬಸ್ಸಿನ ಹತ್ತಿರವೇ ಮತ್ತೆ ಹೋದರು.

ಹೀಗೆ ಊರವರ ಡ್ರಮ್ಮುಗಳಿಗೆಲ್ಲ ತಲೆ ಹಾಕುತ್ತಾ ಅವರ ಒಡಲಿಗೆ ಎಷ್ಟು ಗ್ಯಾಸು ಹೋಯಿತೋ. ಯುದ್ಧ ಮುಗಿಯುತ್ತಾ ಬಂದಿತ್ತು. ಒಂದು ದಿನ ಯಾರದೋ ಲಾರಿಯ ಡ್ರಮ್ಮಿನ ಪಕ್ಕದಲ್ಲಿ ಬಿದ್ದಿದ್ದ ಅವರನ್ನು ಎತ್ತಿ ತಂದರು. ಎರಡು ದಿನಕ್ಕೆ ಎದ್ದು ಕುಳಿತರು, ಉಂಡರು, ನಕ್ಕರು ಕೂಡ. ಆದರೆ ತಿಂಗಳೊಳಗೆ ಅವರ ನೆನಪು ಸೋರತೊಡಗಿತು. ಇಂಜಿನ್ ಬಿಚ್ಚಿ ಗೋಣಿಯ ಮೇಲೆ ಹರಡಿಕೊಂಡರೆ ಯಾವುದು ಎಲ್ಲಿಗೆ ಎಂದು ತಿಳಿಯದೆ ಮಧ್ಯಾಹ್ನದವರೆಗೂ ಕುಳಿತಿರುತ್ತಿದ್ದರು. ಅವರು ಊಟಕ್ಕೆ ಎದ್ದು ಹೋದಾಗ ನಮ್ಮ ಮನೆಯವರು ಅದನ್ನು ಜೋಡಿಸಿಡುತ್ತಿದ್ದರು. ತಾವೇ ಜೋಡಿಸಿದ್ದೆಂದು ಅವರು ನಂಬುತ್ತಿದ್ದರು.

ಪೆಟ್ರೋಲು ಮತ್ತೆ ಸಿಗತೊಡಗಿ, ನನ್ನ ಮಗ ಅಂಗಳದಲ್ಲಿ ಓಡಾಡುವ ಹೊತ್ತಿಗೆ ಭಾವ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಗಂಜಿ ಕೊಟ್ಟಾಗ ಅವರು ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಸುತ್ತಲೂ ನೋಡಿ, "ಅಮ್ಮ ಕಾಂತಿಲ್ಲೆ. ಎಲ್ಲಿಗ್ ಹೋಯ್ತ್?" ಎಂದರು. ಬಾಗಿಲಲ್ಲಿದ್ದ ನಮ್ಮ ಮನೆಯವರು ಒಳಗೆ ಹೋಗಿಬಿಟ್ಟರು. ಆ ಮನುಷ್ಯ ಅಷ್ಟು ವರ್ಷ ಹೊತ್ತುಕೊಂಡದ್ದು ತಾನಾಗಿ ಕೆಳಗೆ ಬಿದ್ದಿತ್ತು. ಅದನ್ನು ಎತ್ತಿ ಮತ್ತೆ ಅವರ ತಲೆಯ ಮೇಲೆ ಇಡಲು ನನ್ನಿಂದಾಗಲಿಲ್ಲ.

"ಸಾಲಿಗ್ರಾಮಕ್ಕ್ ಹೋಯ್ರ್ ಭಾವ," ಎಂದೆ. "ಸಂಜಿಗೆ ಬತ್ರ್."

"ಹೌದಾ" ಎಂದು ಅವರು ಗಂಜಿ ಕುಡಿದರು.

ಮರುದಿನವೂ ಕೇಳಿದರು. ಅದರ ಮರುದಿನವೂ. ನಾನು ಅದನ್ನೇ ಹೇಳುತ್ತಿದ್ದೆ. ನಮ್ಮ ಮನೆಯವರು ಮೊದಮೊದಲು ಇದೆಂಥ ಸುಳ್ಳು ಎಂದು ಮುಖ ಗಂಟಿಕ್ಕಿದರು, ಆಮೇಲೆ ತಾವೂ ಹಾಗೆಯೇ ಹೇಳತೊಡಗಿದರು. ಬೇಸಗೆ ಹಿಡಿಯುವ ಹೊತ್ತಿಗೆ ಭಾವ ಒಂದು ಸಂಜೆ ಜಗಲಿಯ ಚಾಪೆಯ ಮೇಲೆ, ರಸ್ತೆಯ ಕಡೆ ಮುಖ ಮಾಡಿ ಮಲಗಿದಲ್ಲೇ ತೀರಿಕೊಂಡರು. ಆ ದಿನವೂ ಅಮ್ಮ ಎಲ್ಲಿ ಎಂದು ಕೇಳಿದ್ದರು, ನಾನು ಹೇಳಿದ್ದೆ. ನನ್ನ ಮತ್ತು ನನ್ನ ಮಗನ ಜೀವಕ್ಕೆ ಬದಲಾಗಿ ಅವರಿಗೆ ಕೊಡಲು ನನ್ನಲ್ಲಿ ಇದ್ದದ್ದು ಅದೊಂದು ಮಾತು.