ಅತ್ತರಿನ ಹತ್ತಿ

ತಂಗಿಯ ಎಡಗಿವಿ ಸಣ್ಣಂದಿನಿಂದ ಸೋರುತ್ತಿತ್ತು. ಸಿಂಧನೂರಿನ ನಮ್ಮ ಓಣಿಯಲ್ಲಿ ಕಿವಿ ಸೋರದ ಮಕ್ಕಳೇ ಕಡಿಮೆ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟು ಸುಮ್ಮನಾಗುತ್ತಿದ್ದೆವು. ಆದರೆ ಇವಳ ಕೀವು ನಾರುತ್ತಿತ್ತು, ಪಕ್ಕದಲ್ಲಿ ಕೂತವರು ಸರಿದು ಕೂರುವಷ್ಟು.

ನಿಜಾಮನ ಆಳ್ವಿಕೆ ಮುಗಿದು ಮೂರು ನಾಲ್ಕು ವರ್ಷವಾಗಿತ್ತು. ಮಸ್ಕಿಯ ಬಟ್ಟೆ ಅಂಗಡಿಯವರ ಮನೆಯಿಂದ ಸಂಬಂಧ ಬಂತು. ಆಗ ಉಪಾಯ ಹೂಡಿದವಳು ನಾನೇ, ಬೇರೆ ಯಾರೂ ಅಲ್ಲ. ಮದುವೆ ಮನೆಗಳಲ್ಲಿ ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕಿವಿಯ ಮಡಿಕೆಗೆ ಸಿಕ್ಕಿಸಿಕೊಳ್ಳುವುದು ನಮ್ಮ ಕಡೆ ರೂಢಿ. ಹೆಣ್ಣು ನೋಡಲು ಬಂದ ದಿನ ಅದನ್ನು ನಾನು ತಂಗಿಯ ಕಿವಿಯೊಳಗೇ ತುರುಕಿದೆ. "ಹುಡುಗಿ ಎಷ್ಟ್ ಘಮಘಮ ಅಂತಾಳವಾ" ಎಂದು ಹುಡುಗನ ತಾಯಿ ಮೆಚ್ಚಿಕೊಂಡರು. ನಾನು ಮಹಾ ಜಾಣೆ ಎಂದುಕೊಂಡೆ. ಆ ಜಾಣತನಕ್ಕಿಷ್ಟು ಬೆಂಕಿ ಬೀಳಲಿ.

ನಿಶ್ಚಯವಾಯಿತು. ಅಲ್ಲಿಂದ ಹತ್ತಿ ತುರುಕುವುದು ದಿನದ ಕೆಲಸವಾಯಿತು. ಅವಳಿಗೆ ತಲೆ ತಿರುಗಲು ಶುರುವಾದಾಗ ಊರ ಡಾಕ್ಟರ ಹತ್ತಿರ ಕರೆದೊಯ್ದೆವು. ಹೋಗುವ ಮುಂಚೆ ಹತ್ತಿ ತೆಗೆದು ಕಿವಿ ಒರೆಸಿ, ಅಂಚಿಗೆ ಅತ್ತರು ಸವರಿದೆ. ಸುದ್ದಿ ಮಸ್ಕಿಗೆ ಮುಟ್ಟೀತೆಂಬ ಭಯ. "ನಾತ ಏನರ ಬರ್ತದೇನು?" ಎಂದು ಡಾಕ್ಟರು ಕೇಳಿದರು. ಅವ್ವ "ಇಲ್ಲರೀ" ಅಂದಳು. ನಾನೂ ಬಾಯಿ ಮುಚ್ಚಿಕೊಂಡು ನಿಂತೆ. ಹನಿ ಔಷಧಿ ಕೊಟ್ಟು ಕಳಿಸಿದರು.

ಮದುವೆಗೆ ಹದಿನೈದು ದಿನ ಇರುವಾಗ, ಒಂದು ಮುಂಜಾನೆ ಅವಳು ಬಾಯಿಗೆ ಹಾಕಿಕೊಂಡ ನೀರು ಎಡಗಡೆಯಿಂದ ಇಳಿದುಹೋಯಿತು. ಆ ಕಡೆಯ ಮುಖ ಜೋತುಬಿದ್ದಿತ್ತು. ಲಿಂಗಸುಗೂರಿಗೆ ಓಡಿದೆವು. ಅಲ್ಲಿನ ಡಾಕ್ಟರು ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು, ಚಿಮಟದಿಂದ ಹತ್ತಿ ಎಳೆದರು. ಅದರ ಹಿಂದೆ ಹಳೆಯದೊಂದು ಚೂರು ಬಂತು. ಆಮೇಲೆ ಕಿಟಕಿಯ ಬೆಳಕನ್ನು ಕಿವಿಯೊಳಗೆ ಬಿಟ್ಟು ಬಹಳ ಹೊತ್ತು ನೋಡಿದರು.

"ನಾತ ಎಷ್ಟು ದಿನದಿಂದ ಅದ?"

"ನಾಕ ದಿನ ಆತ್ರೀ," ಅಂದಳು ಅವ್ವ.

"ಸುಳ್ಳರೀ," ಅಂದೆ ನಾನು. "ಏಳೆಂಟು ವರ್ಷ ಆತು. ನಾನ ಅತ್ತರು ಹಾಕಿ ಮುಚ್ಚೀನಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬರೇ ಕೀವು ಅಲ್ಲಮ್ಮ ಇದು. ಕಿವಿ ತಮಟಿ ಹಿಂದ ಗಡ್ಡಿ ಬೆಳದದ. ಎಲುಬು ತಿನ್ಕೋತ ಮಿದುಳಿನ ಕಡಿಗೆ ಹೊಂಟದ. ಈ ರೋಗ ನಮಗ ಮೊದಲ ತಿಳಿಯೋದ ನಾತದಿಂದ. ಇವತ್ತ ಹೈದರಾಬಾದಿಗೆ ಒಯ್ರಿ."

ರೈಲು ಹಿಡಿಯಲು ರಾಯಚೂರಿಗೆ ಹೊರಟ ಬಸ್ಸಿನಲ್ಲಿ ತಂಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮೈ ಸುಡುತ್ತಿತ್ತು.

"ಆವತ್ತ ಊರ ಡಾಕ್ಟರು ಕೇಳಿದಾಗ ನೀನರ ಯಾಕ ಹೇಳಲಿಲ್ಲಕ್ಕಾ?"

"ನಿನ್ನ ಮದುವಿ ಸಲುವಾಗಿ."

ಸೊಟ್ಟ ಬಾಯಿಂದ ಮಾತು ತೊದಲುತ್ತ ಬಂತು. "ನನಗ ಮದುವಿ ಬೇಕೋ ಬ್ಯಾಡೋ, ನೀವ್ಯಾರೂ ಕೇಳಲೇ ಇಲ್ಲಲ್ಲ."

ರೈಲು ಹತ್ತಿಸುವ ಹೊತ್ತಿಗೆ ಅವಳಿಗೆ ಎಚ್ಚರ ತಪ್ಪಿತ್ತು. ಹೈದರಾಬಾದಿನಿಂದ ಅವ್ವ, ನಾನು ಇಬ್ಬರೇ ಊರಿಗೆ ಬಂದೆವು.