ಕಾರಿನಡಿ ಇಟ್ಟ ಬಲಗೈ

“ಎಲ್ಲಾ ಕಾರ್ ಅತ್ಕಳ್ರಲಾ!” ಎಂದು ಕಾರಿನ ಹಿಂಭಾಗದಡಿ ಮಲಗಿದ್ದ ಸಿದ್ದಾಚಾರರು ಕೂಗಿದರು. ನಾನು ಬಗ್ಗಿ ನೋಡಿದೆ. ಚಕ್ರದ ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವಿನ ಸಂದಿನಲ್ಲಿ ಅವರು ತಮ್ಮ ಬಲಗೈ ಮುಷ್ಟಿಯನ್ನಿಟ್ಟಿದ್ದರು!

ಆಗ ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಧಣಿಗಳು ಹಳೆಯ ಕಾರಿನ ಬೆನ್ನಿಗೆ ಇದ್ದಿಲು ಉರಿಸಿ ಬರುವ ಗ್ಯಾಸಿನಿಂದ ಓಡಿಸಲು ಒಂದು ಡ್ರಮ್ಮು ಕಟ್ಟಿಸಿದ್ದರು. ಆ ಭಾರಕ್ಕೆ ಹಿಂಭಾಗ ಕುಸಿದು, ಮದ್ದೂರಿನ ದಾರಿಯ ಹಳ್ಳಗಳಲ್ಲಿ ನೆಲಕ್ಕೆ ಬಡಿಯುತ್ತಿತ್ತು. ಡ್ರೈವರಾಗಿದ್ದ ನಾನು ಅದನ್ನು ಮಳವಳ್ಳಿಯಲ್ಲಿ ಜಟಕಾ ಗಾಡಿಗಳಿಗೆ ಕುಲುಕು ತಡೆಯುವ ಉಕ್ಕಿನ ಕಮಾನು ಕಟ್ಟುವ ಈ ಆಚಾರರ ಕುಲುಮೆಗೆ ತಂದಿದ್ದೆ. ಅವರು ಹಿಂದಿನ ಕಮಾನು ಪಟ್ಟಿಗಳನ್ನು ಕಾಯಿಸಿ ಬಾಗಿಸಿ, ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿ, ಕಾರನ್ನು ನಾಲ್ಕು ಬೆರಳಷ್ಟು ಎತ್ತರಿಸಿದ್ದರು.

“ಕೈ ತಗೀರಿ ಆಚಾರ್ರೇ! ಮರದ್ ತುಂಡು ಇಟ್ಟು ನೋಡಿ!” ಎಂದು ಕಿರುಚಿದೆ.

“ಕೊನೀಗೆ ತುಂಡು ಇಡ್ತೀನಿ ಅನ್ಕಂಡ್ ಕಮಾನ್ ಬಡುದ್ರೆ ಕೆಲ್ಸ ನೆಟ್ಗಾಗಾಕಿಲ್ಲ ಕಣಪ್ಪ, ನನ್ ಕೈಯೇ ಇಡ್ಬೇಕು. ಜನ ಅತ್ತುಸು.”

ಕುಲುಮೆಯ ಮುಂದಿದ್ದ ಎಂಟು ಮಂದಿ ಹತ್ತಿದರು. ಕಮಾನು ಕಿರುಗುಟ್ಟಿತು. ಚೌಕಟ್ಟು ಇಳಿಯುತ್ತ ಇಳಿಯುತ್ತ ಬಂದು, ಮುಷ್ಟಿಯ ಗೆಣ್ಣಿಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತಿತು.

ಆಚಾರರು ಹೊರಬಂದು ಎಡಗೈಯಲ್ಲಿ ಧೂಳು ಕೊಡವಿಕೊಂಡರು. ಆಗಲೇ ನೋಡಿದ್ದು: ಆ ಕೈಯ ಎರಡು ಬೆರಳು ಜಜ್ಜಿ ಚಪ್ಪಟೆಯಾಗಿದ್ದವು.

“ಇದು ನಾನ್ ಕಮಾನ್ ಕಟ್ಟಿದ್ ಮೊದಲ್ನೇ ಜಟಕಾದಡಿ ಇಟ್ಟಿದ್ ಕೈ” ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ಆಮೇಲೆ ಕಾರು ಓಡಿಸಿದಷ್ಟು ವರ್ಷವೂ ಹೊರಡುವ ಮುನ್ನ ನಾನೂ ಆ ಸಂದಿನಲ್ಲಿ ಮುಷ್ಟಿಯಿಟ್ಟು ನೋಡುತ್ತಿದ್ದೆ. ಕಾರಿನೊಳಗೆ ಯಾರೂ ಇಲ್ಲದಾಗ ಮಾತ್ರ.